ಕೇಳಿದ್ದು ಎಸ್‌ಸಿಪಿ, ಇಲ್ಲ ಅಂದಿದ್ದು ಎಸ್‌ಎಫ್‌ಟಿಪಿ

ನನ್ನ ಕಂಪ್ಯೂಟರ್‌ನ ಉಬುಂಟು ಲಿನಕ್ಸನ್ನು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಿದ ದಿನವೇ ಇದು ಆಗಿದ್ದು. ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗಳಿಗಾಗಿ ಮಾಡಿರುವ ಲಿನಕ್ಸ್) ಹಾಕಿರುವ ರೂಟರ್‌ಗೆ ಒಂದು ಫೈಲ್ ಕಳಿಸಬೇಕಿತ್ತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲ್ ಕಾಪಿ ಮಾಡಲು ವರ್ಷಗಳಿಂದ ಬಳಸುತ್ತಿದ್ದ ಅದೇ ಎಸ್‌ಸಿಪಿ ಕಮಾಂಡ್ ಕೊಟ್ಟೆ. ಫೈಲ್ ಹೋಗಲಿಲ್ಲ. ‘ಎಸ್‌ಎಫ್‌ಟಿಪಿ-ಸರ್ವರ್: ನಾಟ್ ಫೌಂಡ್’ ಅಂತ ಒಂದು ಸಾಲು, ಅದರ ಕೆಳಗೆ ‘ಕನೆಕ್ಷನ್ ಕ್ಲೋಸ್ಡ್’.

ಎರಡನೇ ಸಾಲನ್ನಷ್ಟೇ ನೋಡಿದರೆ ನೆಟ್‌ವರ್ಕ್ ಮೇಲೋ ಫೈರ್‌ವಾಲ್ ಮೇಲೋ ಅನುಮಾನ ಬರುತ್ತದೆ, ಅಲ್ವಾ? ಆದರೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮಾಡಿದರೆ ರೂಟರ್ ಒಳಗೆ ಆರಾಮಾಗಿ ಹೋಗಲು ಆಗುತ್ತಿತ್ತು, ಅಂದರೆ ಲಾಗಿನ್ ಕೀ ಸರಿ ಇದೆ, ದಾರಿಯೂ ಸರಿ ಇದೆ. ಹಾಗಾಗಿ ಮೊದಲನೇ ಸಾಲನ್ನೇ ಹಿಡಿದುಕೊಂಡೆ. ನಾನು ಕೊಟ್ಟಿದ್ದು ಎಸ್‌ಸಿಪಿ, ಮಧ್ಯದಲ್ಲಿ ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಮೂಲಕ ಫೈಲ್ ಸಾಗಿಸುವ ಇನ್ನೊಂದು ಪ್ರೋಟೋಕಾಲ್) ಎಲ್ಲಿಂದ ಬಂತು? ಹೆಚ್ಚಿನ ವಿವರ ತೋರಿಸುವ ‘-ವಿ’ ಸೇರಿಸಿ ಮತ್ತೆ ಓಡಿಸಿದೆ. ‘ಸೆಂಡಿಂಗ್ ಸಬ್‌ಸಿಸ್ಟಮ್: ಎಸ್‌ಎಫ್‌ಟಿಪಿ’ ಅಂತ ನೇರವಾಗಿ ಬರೆದಿತ್ತು.

ಆಮೇಲೆ ವರ್ಷನ್ ನೋಡಿದೆ. ಎಸ್‌ಸಿಪಿ ಬರುವುದು ಓಪನ್‌ಎಸ್‌ಎಸ್‌ಎಚ್ ಅನ್ನುವ ಸಾಫ್ಟ್‌ವೇರ್ ಜೊತೆಗೆ. 22.04ರಲ್ಲಿ ಇದ್ದಿದ್ದು ಅದರ 8.9, ಈಗ ಬಂದಿರುವುದು 9.6. ಈ ಎರಡರ ನಡುವೆ, 2022ರ ಏಪ್ರಿಲ್‌ನಲ್ಲಿ ಬಂದ 9.0ರಲ್ಲಿ ಎಸ್‌ಸಿಪಿಯ ಒಳಗನ್ನೇ ಬದಲಿಸಿದ್ದಾರೆ. ಕಮಾಂಡಿನ ಹೆಸರು ಅದೇ, ಆದರೆ ಫೈಲ್ ಸಾಗಿಸುವುದು ಎಸ್‌ಎಫ್‌ಟಿಪಿ ಪ್ರೋಟೋಕಾಲ್. ರೂಟರ್‌ನಲ್ಲಿ ಇರುವುದು ಡ್ರಾಪ್‌ಬೇರ್ ಅನ್ನುವ ಪುಟ್ಟ ಎಸ್‌ಎಸ್‌ಎಚ್ ಸರ್ವರ್, ಅದಕ್ಕೆ ತನ್ನದೇ ಆದ ಎಸ್‌ಎಫ್‌ಟಿಪಿ ಇಲ್ಲ. ಬೇರೆ ಕಡೆಯಿಂದ ತಂದು ಹಾಕಿದರೆ ಮಾತ್ರ ಅದನ್ನು ಓಡಿಸುತ್ತದೆ.

ಈ ಬದಲಾವಣೆ ಸರಿಯಾದದ್ದೇ ಅಂತ ನನ್ನ ಅಭಿಪ್ರಾಯ. ಹಳೆಯ ಪ್ರೋಟೋಕಾಲ್ ಆರ್‌ಸಿಪಿ (ಎಸ್‌ಎಸ್‌ಎಚ್‌ಗೂ ಮುಂಚಿನ ಕಾಪಿ ಕಮಾಂಡ್) ಕಾಲದ್ದು. ನಾವು ಒಂದು ಫೈಲ್ ಕೇಳಿದರೆ ಕೆಟ್ಟ ಸರ್ವರ್ ಒಂದು ಬೇರೆ ಹೆಸರಿನ ಫೈಲ್ ಕಳಿಸಿ ನಮ್ಮದರ ಮೇಲೆ ಬರೆದುಬಿಡಬಹುದು ಅನ್ನುವ ದೋಷ 2019ರಲ್ಲೇ ಹೊರಗೆ ಬಂದಿತ್ತು. ಜೊತೆಗೆ ಆ ಕಡೆಯ ಫೈಲ್ ಹೆಸರುಗಳನ್ನು ಆ ಕಡೆಯ ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಬಿಡಿಸುತ್ತಿದ್ದರಿಂದ, ಹೆಸರಿನಲ್ಲಿ ಒಂದು ಸ್ಪೇಸ್ ಇದ್ದರೂ ಎರಡೆರಡು ಸಲ ಕೋಟ್ ಹಾಕಬೇಕಾಗುತ್ತಿತ್ತು. ಆ ತಲೆನೋವು ಹೋಗಿದ್ದು ಒಳ್ಳೆಯದೇ. ಆದರೆ ಎರರ್ ಬಂದಾಗ ‘ಹಳೆಯ ರೀತಿ ಬೇಕಿದ್ದರೆ ಇದನ್ನು ಬಳಸಿ’ ಅಂತ ಒಂದು ಸಾಲು ತೋರಿಸಬೇಕಿತ್ತು. ಮ್ಯಾನ್ ಪೇಜ್‌ನಲ್ಲಿ (ಕಮಾಂಡಿನ ಕೈಪಿಡಿ) ಅದು ಇದೆ, ದೊಡ್ಡಕ್ಷರದ ‘-ಓ’. ಕಮಾಂಡಿಗೆ ಅದನ್ನು ಸೇರಿಸಿದ ತಕ್ಷಣ ಫೈಲ್ ಹೋಯಿತು.

ಅಲ್ಲಿಗೆ ಬಿಡಲಿಲ್ಲ. ರೂಟರ್‌ನಲ್ಲಿ ‘ಓಪನ್‌ಎಸ್‌ಎಸ್‌ಎಚ್-ಎಸ್‌ಎಫ್‌ಟಿಪಿ-ಸರ್ವರ್’ ಪ್ಯಾಕೇಜ್ ಹಾಕಿದೆ, ಈಗ ‘-ಓ’ ಇಲ್ಲದೆಯೇ ನಡೆಯುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಇನ್ನೊಂದು ಹಳೆಯ ಡಿವೈಸ್ ಇದೆ. ಅದಕ್ಕೆ ಹೋಗುವ ಸ್ಕ್ರಿಪ್ಟ್‌ನಲ್ಲಿ ಮಾತ್ರ ‘-ಓ’ ಹಾಕಿ, ಯಾಕೆ ಅಂತ ಪಕ್ಕದಲ್ಲೇ ಕಾಮೆಂಟ್ ಬರೆದೆ. ಸುಮ್ನೆ ಎಸ್‌ಸಿಪಿ ಅಂದರೆ ಯಾವಾಗಲೂ ‘-ಓ’ ಸೇರುವ ಹಾಗೆ ಏಲಿಯಾಸ್ ಮಾಡಿ ಎಲ್ಲಾ ಕಡೆ ಹಳೆಯ ಪ್ರೋಟೋಕಾಲ್ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಮುಂದೆ ಎಂದಾದರೂ ‘-ಓ’ ತೆಗೆದುಹಾಕಿದರೆ, ಫೈಲನ್ನು ‘ಕ್ಯಾಟ್’ (ಫೈಲ್‌ನಲ್ಲಿ ಇರುವುದನ್ನು ಹೊರಹಾಕುವ ಕಮಾಂಡ್) ಮಾಡಿ ಪೈಪ್ ಮೂಲಕ ಎಸ್‌ಎಸ್‌ಎಚ್‌ಗೆ ಕೊಟ್ಟು, ಆ ಕಡೆಯೂ ‘ಕ್ಯಾಟ್’ನಿಂದಲೇ ಫೈಲ್‌ಗೆ ಬರೆಸಬಹುದು. ಅದನ್ನೂ ಆ ಡಿವೈಸ್ ಮೇಲೆ ಓಡಿಸಿ ನೋಡಿದ್ದೇನೆ, ನಡೆಯುತ್ತದೆ.