ಪತ್ರ, ಎರಡು ಕಾಪಿ

"ಅಣ್ಣ, ನಾಟಕ ಕಟ್ಟೋದು ಹೇಗೆ ಅಂತ ತಿಳ್ಕೊಳ್ಳೋಕೆ ಏನು ಓದಲಿ?" ಹೋದ ವಾರ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು. ನಾನು ನೆಲದ ಮೇಲೆ ಕೂತು ಕಿರೀಟಕ್ಕೆ ಫೆವಿಕಾಲ್ ಹಚ್ಚುತ್ತಿದ್ದೆ. ಈ ಹವ್ಯಾಸಿ ತಂಡದಲ್ಲಿ ಹನ್ನೊಂದು ವರ್ಷದಿಂದ ಪ್ರಾಪರ್ಟಿ, ಅಂದರೆ ರಂಗದ ಮೇಲೆ ಬಳಸೋ ಸಾಮಾನುಗಳ ಹೊಣೆ, ನನ್ನದೇ. ನಟನೆ ಬಗ್ಗೆ ಕೇಳಿದ್ದರೆ ನಿರ್ದೇಶಕರ ಕಡೆ ಕೈ ತೋರಿಸುತ್ತಿದ್ದೆ. ಇದು ನನ್ನ ಇಲಾಖೆ.

ಮೊದಲು ಗುಬ್ಬಿ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ' ಓದು ಅಂದೆ. ಅವರು ನಡೆಸಿದ ಗುಬ್ಬಿ ನಾಟಕ ಕಂಪನಿ 1884ರಲ್ಲಿ ಶುರುವಾದದ್ದು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. ಇದನ್ನು ಎಲ್ಲರೂ ಬೆರಗಿನಿಂದ ಹೇಳುತ್ತಾರೆ. ನನಗೆ ಬರೋ ಯೋಚನೆಯೇ ಬೇರೆ: ಆ ಆನೆಗೆ ಮೇವು ಹೊಂದಿಸಿದವರು ಯಾರು? ಊರೂರಲ್ಲಿ ಕ್ಯಾಂಪ್. ನಟರು, ಅಡುಗೆಯವರು, ಪರದೆ ಎಳೆಯುವವರು, ಅಷ್ಟೂ ಜನರ ಹೊಟ್ಟೆ ಟಿಕೆಟ್ ದುಡ್ಡಿನಲ್ಲೇ ತುಂಬಬೇಕು. ಹಾಗೆ ಓದಿದರೆ ಅದು ಪ್ರೊಡಕ್ಷನ್ ಪುಸ್ತಕವೇ, ಅಲ್ವಾ?

ಆಮೇಲೆ ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಕಾರಂತರು ಹೇಳಿದ್ದನ್ನು ವೈದೇಹಿ ಬರೆದುಕೊಂಡದ್ದು. ಮನೆ ಬಿಟ್ಟು ಓಡಿಹೋಗಿ ಇದೇ ಗುಬ್ಬಿ ಕಂಪನಿ ಸೇರಿದ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಕಂಪನಿಯ ವೈಭವ ಕಂಡವರೇ 'ಹಯವದನ' ಆಡಿಸುವಾಗ ಯಕ್ಷಗಾನದ ಅರ್ಧ ಪರದೆಯನ್ನು ಬಳಸಿದರು. ಒಂದು ಬಟ್ಟೆ, ಹಿಡಿಯೋಕೆ ಇಬ್ಬರು. ಪ್ರಾಪರ್ಟಿಯವನಿಗೆ ಇದಕ್ಕಿಂತ ಇನ್ನೇನು ಬೇಕು!

ಮೂರನೆಯದು ಹೇಳಿದಾಗ ಅವಳು ಮುಖ ಸಣ್ಣ ಮಾಡಿದಳು. ಭರತನ ನಾಟ್ಯಶಾಸ್ತ್ರ. ಪೂರ್ತಿ ಬೇಡ ಮಾರಾಯ್ತಿ, ಎರಡನೇ ಅಧ್ಯಾಯ ಸಾಕು ಅಂದೆ. ಶ್ರೀರಂಗರ ಕನ್ನಡ ಅನುವಾದವಿದೆ. ನಾಟಕ ಮನೆಯ ಅಳತೆ ಅಲ್ಲಿ ಬರುತ್ತದೆ: ಉದ್ದ 64 ಹಸ್ತ, ಅಗಲ 32. ಹಸ್ತ ಅಂದರೆ ಸುಮಾರು ಒಂದೂವರೆ ಅಡಿ. ಮುಂದಿನ ಅರ್ಧ ಪ್ರೇಕ್ಷಕರಿಗೆ, ಹಿಂದಿನ ಅರ್ಧ ರಂಗಕ್ಕೂ ನೇಪಥ್ಯಕ್ಕೂ, ಅಂದರೆ ಬಣ್ಣ ಹಚ್ಚೋ ಜಾಗಕ್ಕೂ. ಇದಕ್ಕಿಂತ ದೊಡ್ಡದು ಕಟ್ಟಬೇಡಿ, ಮಾತು ಸರಿಯಾಗಿ ಕೇಳಿಸೋದಿಲ್ಲ, ಮುಖದ ಭಾವ ಕಾಣೋದಿಲ್ಲ ಅಂತ ಕಾರಣವನ್ನೂ ಕೊಟ್ಟಿದ್ದಾನೆ. ನಾವು ಬಾಡಿಗೆಗೆ ಹಿಡಿಯುವ ಒಂದು ಹಾಲ್‌ನಲ್ಲಿ ಹಿಂದಿನ ಸಾಲಿಗೆ ಮೈಕ್ ಇಲ್ಲದೆ ಏನೂ ಕೇಳಿಸೋದಿಲ್ಲ. ಬಣ್ಣ ಹಚ್ಚೋ ಕೋಣೆಯಲ್ಲಿ ನಾಲ್ಕು ಜನ ನಿಂತರೆ ಐದನೆಯವರು ಕಾರಿಡಾರ್‌ಗೆ. ಕಟ್ಟಿದವರು ಈ ಅಧ್ಯಾಯ ಓದಿಲ್ಲ, ಬಿಡಿ.

ಕೊನೆಗೆ ನನ್ನ ಪ್ರಾಪರ್ಟಿ ನೋಟ್‌ಬುಕ್ ಕೊಟ್ಟೆ. ಸೀನ್ ಪ್ರಕಾರ ಏನು, ಯಾವ ವಿಂಗ್‌ನಲ್ಲಿ (ರಂಗದ ಪಕ್ಕದ ಮರೆ), ಯಾರ ಕೈಗೆ, ವಾಪಸ್ ಯಾರು ತರಬೇಕು, ಎಲ್ಲ ಅದರಲ್ಲಿದೆ. ಎರಡು ದಿನ ಬಿಟ್ಟು ಬಂದು ಕೇಳಿದಳು: "'ಪತ್ರ, ಎರಡು ಕಾಪಿ, ಒಂದು ನಟನ ಜೇಬಲ್ಲಿ' ಅಂತ ಮೂರು ಸಲ ಅಡಿಗೆರೆ ಎಳೆದಿದ್ದೀರಲ್ಲ, ಯಾಕೆ?"

ನಾನು ಪ್ರಾಪರ್ಟಿ ವಹಿಸಿಕೊಂಡ ಎರಡನೇ ವರ್ಷದ ಕತೆ ಅದು. ನಾಯಕ ಡ್ರಾಯರ್ ಎಳೆದು ಅಪ್ಪನ ಕೊನೆಯ ಪತ್ರ ತೆಗೆಯಬೇಕು. ಎಳೆದ. ಒಳಗೆ ಪತ್ರ ಇರಲಿಲ್ಲ. ಮಧ್ಯಾಹ್ನ ನಾನೇ ಇಟ್ಟು ಮರೆತ ಹೋಟೆಲ್ ಬಿಲ್ ಇತ್ತು. ಅದನ್ನೇ ಹಿಡಿದು ಪತ್ರ ಪೂರ್ತಿ ಬಾಯಿಪಾಠ ಒಪ್ಪಿಸಿದ, ಕಣ್ಣೀರೂ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಪರದೆ ಬಿದ್ದ ಮೇಲೆ ನನ್ನ ಹತ್ತಿರ ಬಂದು ಬಿಲ್ ಕೈಗಿಟ್ಟ. "ಎರಡು ಮಸಾಲೆ ದೋಸೆ ನೀನೊಬ್ಬನೇ ತಿಂದೆಯಾ?" ಅಂದ.

ಹುಡುಗಿ ನಕ್ಕು ನಕ್ಕು ಸುಸ್ತಾದಳು. ನೋಟ್‌ಬುಕ್ ಮಾತ್ರ ಇನ್ನೂ ವಾಪಸ್ ಕೊಟ್ಟಿಲ್ಲ. ಶನಿವಾರ ಶೋ ಇದೆ.