ಮೂರನೇ ಹೆಸರು

ರಾಯಚೂರಿನ ಬಿಸಿಲು ಇಳಿದ ಮೇಲೆ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ತಂಗಿಯ ಸಂಶೋಧನಾ ಲೇಖನ ತಿದ್ದುತ್ತಿದ್ದೆ. ಮಾನ್ವಿ ಕಡೆ ಹೊಲ ಹೊಲ ತಿರುಗಿ ಸವಳು ಮಣ್ಣು ತಂದವಳು ಅವಳು. ಚೀಲದ ಮೇಲಿನ ಪೆನ್ನಿನ ಗುರುತು ಬೆವರಿಗೆ ಅಳಿಸಿಹೋಗಿ, ಎರಡು ಹೊಲಕ್ಕೆ ಮತ್ತೆ ಹೋಗಿಬಂದಳು.

ಲೇಖಕರ ಪಟ್ಟಿಯಲ್ಲಿ ಮೂರನೇ ಹೆಸರು ನೋಡಿ, "ಇವ್ರು ಯಾರವ್ವಾ?" ಅಂದೆ.

"ದೊಡ್ಡೋರು ಅಣ್ಣಾ, ಹಾಕ್ಲೇಬೇಕಂತ."

ಆ ಚೀಲ ಕಣ್ಣಲ್ಲೂ ಕಂಡಿಲ್ಲದ ಮನುಷ್ಯ! ಕೆಲಸ ಮಾಡದವರ ಹೆಸರು ಸೇರಿಸಬಾರದು ಅನ್ನೋದು ಒಳ್ಳೆ ಸಂಶೋಧನಾ ಪತ್ರಿಕೆಗಳ ನಿಯಮ. ಸಂಶೋಧನಾ ಪ್ರಕಟಣೆಯ ನೀತಿ-ನಿಯಮ ನೋಡಿಕೊಳ್ಳೋ, 1997ರಲ್ಲಿ ಹುಟ್ಟಿದ ಕೋಪ್ (COPE) ಸಂಸ್ಥೆ ಸಂಪಾದಕರಿಗೆ ಇದನ್ನೇ ಹೇಳುತ್ತಾ ಬಂದಿದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಸಾಫ್ಟ್‌ವೇರ್‌ನಲ್ಲಿ ನಮ್ಮದು ಶೇ. 6 ಬಂತು, ಪಾಸು. ಪುಕ್ಕಟೆ ಹೆಸರು ಹಿಡಿಯೋ ಸಾಫ್ಟ್‌ವೇರ್ ಮಾತ್ರ ನಾನಂತೂ ಕಂಡಿಲ್ಲ.

ತಂಗಿ ಇನ್ನೂ ಪತ್ರಿಕೆಗೆ ಫೈಲ್ ಕಳಿಸಿಲ್ಲ. ಮಿರ್ಚಿ ಆರಿಹೋಯ್ತು.