ಅಮ್ಮನ ಮಂಡಿ ಮತ್ತು ಗ್ರೀಕ್ ಪದಗಳು

ಅಮ್ಮನ ಮಂಡಿಯ ಎಕ್ಸ್‌ರೇ ವರದಿಯನ್ನು ನಿನ್ನೆ ರಾತ್ರಿ ಓದಲು ಕುಳಿತಾಗ, ‘ಆಸ್ಟಿಯೋಆರ್ಥ್ರೈಟಿಸ್’ ಎಂಬ ಪದದ ಉದ್ದಕ್ಕೇ ಅವರು ಅರ್ಧ ಹೆದರಿಬಿಟ್ಟಿದ್ದರು. ಗ್ರೀಕ್ ಭಾಷೆಯಲ್ಲಿ ‘ಆಸ್ಟಿಯೋನ್’ ಎಂದರೆ ಮೂಳೆ, ‘ಆರ್ಥ್ರಾನ್’ ಎಂದರೆ ಕೀಲು, ಕೊನೆಯ ‘ಐಟಿಸ್’ ಉರಿಯೂತದ ಗುರುತು ಎಂದು ಪದವನ್ನು ಬಿಡಿಸಿ ಹೇಳಿದೆ. ಆದರೆ ಈ ಕಾಯಿಲೆಯಲ್ಲಿ ಉರಿಯೂತಕ್ಕಿಂತ ಮೃದ್ವಸ್ಥಿಯ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಪದರದ, ಸವೆತವೇ ಎದ್ದು ಕಾಣುವುದರಿಂದ, ಹೆಸರನ್ನು ಬಿಡಿಸಿದ ಮಾತ್ರಕ್ಕೆ ರೋಗ ಪೂರ್ತಿ ಅರ್ಥವಾಗುವುದಿಲ್ಲವೆಂಬುದನ್ನೂ ಸೇರಿಸಬೇಕಾಯಿತು.

ಮುಂದಿನ ಸಾಲಿನಲ್ಲಿ ‘ಆಸ್ಟಿಯೋಫೈಟ್’ ಎಂದಿತ್ತು. ‘ಫೈಟಾನ್’ ಎಂದರೆ ಗಿಡ. ಕೀಲಿನ ಅಂಚಿನಲ್ಲಿ ಮೂಳೆ ಮೊಳಕೆಯಂತೆ ಚಾಚಿಕೊಳ್ಳುವುದರಿಂದ ಆ ಹೆಸರು.

“ಅದಕ್ಕೇ ಮೆಟ್ಟಿಲು ಹತ್ತುವಾಗ ಮುಳ್ಳು ಚುಚ್ಚಿದ ಹಾಗಾಗುತ್ತದೆ,” ಎಂದರು ಅಮ್ಮ.

ವರದಿಯಲ್ಲಿದ್ದ ‘ಪಟೆಲ್ಲಾ’ ಎಂಬುದು ಲ್ಯಾಟಿನ್ನಿನಲ್ಲಿ ಪುಟ್ಟ ತಟ್ಟೆಯ ಹೆಸರು. ರೋಮನರು ತಟ್ಟೆಯನ್ನು ಕಂಡ ಜಾಗದಲ್ಲಿ ನಮ್ಮವರು ಚಿಪ್ಪನ್ನು ಕಂಡು ಮಂಡಿಚಿಪ್ಪು ಎಂದರು. ಮುಟ್ಟಿ ನೋಡಿದರೆ ನಮ್ಮ ಪದವೇ ಹೆಚ್ಚು ಸರಿಯೆನಿಸುತ್ತದೆ. ನಾಳೆ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಅಮ್ಮ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದಿಟ್ಟಿದ್ದಾರೆ. ಮೊದಲನೆಯದು: “ಈ ಗಿಡವನ್ನು ಕೀಳಬೇಕೇ?”